ಪಿಕಪ್ ಸಾಲದು ಅಂತ ಶುರುವಾಗಿದ್ದು: ಮಂಡ್ಯದ ಒಂದು ಡೀಸೆಲ್ ಕಾರಿನ ಪ್ರಕರಣ

ಮಂಡ್ಯದ ಹುಡುಗನೊಬ್ಬನ ಡೀಸೆಲ್ ಕಾರು ಮೈಸೂರಿನ ನಮ್ಮ ಗ್ಯಾರೇಜಿಗೆ ಟೋಯಿಂಗ್ ಗಾಡಿಯ ಮೇಲೆ ಬಂತು. ಎಂಜಿನ್ ಜಾಮ್. ಸ್ಪ್ಯಾನರ್ ಹಾಕಿ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ತಿರುಗಿಸಲು ನೋಡಿದರೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಡಿಪ್‌ಸ್ಟಿಕ್ ಎಳೆದರೆ ತುದಿ ಒಣಗಿತ್ತು. ಕೆಳಗೆ ಆಯಿಲ್ ಚೇಂಬರ್ ಒಡೆದಿರಲಿಲ್ಲ, ಡ್ರೈನ್ ಬೋಲ್ಟ್ ಬಿಗಿಯಾಗಿಯೇ ಇತ್ತು, ಎಲ್ಲೂ ಸೋರಿದ ಗುರುತಿಲ್ಲ. ಹಾಗಾದರೆ ಸುಮಾರು 3 ಲೀಟರ್ ಆಯಿಲ್ ಎಲ್ಲಿ ಹೋಯಿತು? ಎಂಜಿನ್ನೇ ಅದನ್ನು ಕುಡಿದು ಸುಟ್ಟಿತ್ತು.

ಓನರ್ ಹೆಸರು, ಗಾಡಿ ನಂಬರ್ ಹಾಕುವುದಿಲ್ಲ ಅಂದ ಮೇಲೆ ಅವನು ಇದನ್ನು ಬರೆಯಲು ಒಪ್ಪಿದ. ಮನೆಯಲ್ಲೇ ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸುವುದು) ಮಾಡಿಕೊಳ್ಳುವ ವಿಷಯ ಬಂದಾಗಲೆಲ್ಲ ಎರಡೇ ಮಾತು ಕೇಳಿಸುತ್ತವೆ. ಒಬ್ಬರು "ಮುಟ್ಟಿದರೆ ಎಂಜಿನ್ ಹೋಗುತ್ತೆ" ಅನ್ನುತ್ತಾರೆ, ಇನ್ನೊಬ್ಬರು "ನಾನು ಮಾಡಿ ಎರಡು ವರ್ಷ ಆಯ್ತು, ಏನೂ ಆಗಿಲ್ಲ" ಅನ್ನುತ್ತಾರೆ. ಎರಡರಿಂದಲೂ ಯಾರಿಗೂ ಉಪಯೋಗವಿಲ್ಲ. ಈ ಗಾಡಿಯನ್ನು ಪೂರ್ತಿ ಬಿಚ್ಚಿ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಜಾಸ್ತಿ ಪವರ್ ಒಂದರಿಂದಲೇ ಈ ಎಂಜಿನ್ ಹೋಗಲಿಲ್ಲ. ಒಂದು ಕೆಲಸ ಮಾಡಿದಾಗ ಗಾಡಿ ಏನೋ ಒಂದು ದೂರು ಹೇಳಿತು, ಆ ದೂರನ್ನು ಮುಚ್ಚಲು ಇನ್ನೊಂದು ಕೆಲಸ ಮಾಡಿದರು, ಅದಕ್ಕೆ ಇನ್ನೊಂದು ದೂರು ಬಂತು, ಅದನ್ನೂ ಮುಚ್ಚಿದರು. ಕೊನೆಗೆ ಹೇಳಲು ಗಾಡಿಗೆ ಬಾಯೇ ಉಳಿದಿರಲಿಲ್ಲ.

ಗಾಡಿ ಮತ್ತು ಓನರ್

1.3 ಲೀಟರ್ ಡೀಸೆಲ್, ಸರಿಯಾಗಿ ಹೇಳಬೇಕೆಂದರೆ 1,248 ಸಿಸಿ. ಫಿಯಟ್ ರೂಪಿಸಿದ ಈ ಎಂಜಿನ್ ನಮ್ಮ ದೇಶದಲ್ಲಿ ಮಾರುತಿ, ಟಾಟಾ, ಫಿಯಟ್ ಗಾಡಿಗಳಲ್ಲೆಲ್ಲ ಓಡಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಆದರೆ ಹಳೇ ಗಾಡಿಗಳು ಮೈಸೂರು ಮಂಡ್ಯ ರಸ್ತೆಯಲ್ಲಿ ಇವತ್ತಿಗೂ ಲೆಕ್ಕವಿಲ್ಲದಷ್ಟಿವೆ, ಯಾಕೆಂದರೆ ಒಳ್ಳೇ ಎಂಜಿನ್. ಮಾರುತಿ ಗಾಡಿಗಳಲ್ಲಿ ಇದರ 75 ಪಿಎಸ್ ಮಾದರಿ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. 2,000ದ ಕೆಳಗೆ ಮಾತ್ರ ಮಂಕು. ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಎಚ್ಚರವಾಗುವ ತನಕ ಕಾಯಬೇಕು, ಆಮೇಲೆ ಒಂದೇ ಸಲ ನೂಕುತ್ತದೆ. ಓಡಿಸಿದವರಿಗೆಲ್ಲ ಗೊತ್ತಿರುವ ವಿಷಯ.

ಹುಡುಗ ಇದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಮೀಟರ್ ಲಕ್ಷ ಕಿಲೋಮೀಟರ್ ದಾಟಿತ್ತು. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ದಿನಾ ಮಂಡ್ಯದಿಂದ ಓಡಾಟ. ತಗೊಂಡ ಮೊದಲ ವಾರದಿಂದಲೇ ಅವನ ದೂರು ಒಂದೇ: ಪಿಕಪ್ ಇಲ್ಲ. ಅವನ ಫ್ರೆಂಡ್ ಹತ್ತಿರ ಇದೇ ಎಂಜಿನ್ನಿನ ಗಾಡಿ ಇದೆ, ಅದು ಚೆನ್ನಾಗಿ ಎಳೆಯುತ್ತದೆ, ಇವನದು ಎಳೆಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಒಂದೇ ಎಂಜಿನ್ನಿನ ಎರಡು ಗಾಡಿಯಲ್ಲಿ ಒಂದು ಎಳೆಯುತ್ತದೆ, ಇನ್ನೊಂದು ಎಳೆಯುವುದಿಲ್ಲ ಅಂದರೆ ಅದು ರಿಪೇರಿ ಕೇಸು. ಇವನು ಅದನ್ನು ಟ್ಯೂನಿಂಗ್ ಕೇಸು ಅಂದುಕೊಂಡ.

ಮೈಸೂರಿಗೆ ಟ್ಯೂನಿಂಗ್ ಹೊಸದೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರಿಂದ 1996ರ ತನಕ ನಡೆಯಿತು, ಆ ಕಾಲದಲ್ಲಿ ಜಾವಾ, ಯೆಜ್ಡಿಯ ಪೋರ್ಟ್ ಉಜ್ಜಿ, ಜೆಟ್ ಬದಲಾಯಿಸಿ, ಸೈಲೆನ್ಸರ್ ಜೊತೆ ಆಟ ಆಡಿದ ಕೈಗಳು ಈ ಊರಲ್ಲಿ ಇನ್ನೂ ಇವೆ. ಆದರೆ ಆ ಗಾಡಿ ಏನು ಮಾಡಿದರೂ ತಕ್ಷಣ ಹೇಳುತ್ತಿತ್ತು. ಪ್ಲಗ್ ಬಿಚ್ಚಿದರೆ ಬಣ್ಣ ಹೇಳುತ್ತಿತ್ತು, ಸದ್ದು ಹೇಳುತ್ತಿತ್ತು, ಜಾಸ್ತಿ ಆದರೆ ಪಿಸ್ಟನ್ ಹಿಡಿದುಕೊಂಡು ರಸ್ತೆ ಮಧ್ಯೆ ನಿಲ್ಲುತ್ತಿತ್ತು, ಬೋರಿಂಗ್ ಮಾಡಿಸಿದರೆ ಮತ್ತೆ ಓಡುತ್ತಿತ್ತು. ಕಾಮನ್ ರೈಲ್ ಡೀಸೆಲ್‌ನಲ್ಲಿ ಮಧ್ಯೆ ಇಸಿಯು ಅನ್ನುವ ಕಂಪ್ಯೂಟರ್ ಕೂತಿದೆ. ಅದು ತಪ್ಪನ್ನು ತನ್ನ ಕೈಲಾದಷ್ಟು ಸರಿದೂಗಿಸುತ್ತದೆ. ಆಗದಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಹಾಕುತ್ತದೆ. ಆ ಲೈಟನ್ನೇ ಆರಿಸಿಬಿಟ್ಟರೆ ಮುಗಿಯಿತು.

ಏನೇನು ಮಾಡಿದರು

ಮೊದಲು ಕೋನ್ ಫಿಲ್ಟರ್. ಕಂಪನಿಯ ಫಿಲ್ಟರ್ ಡಬ್ಬ ತೆಗೆದು ಆನ್‌ಲೈನ್‌ನಲ್ಲಿ ತರಿಸಿದ, ಎಣ್ಣೆ ಸವರುವ ಕೆಂಪು ಕೋನ್ ಹಾಕಿದರು. ಹಾಕಿದ್ದು ಅವನ ಚಿಕ್ಕಪ್ಪನ ಮಗ, ಡಿಪ್ಲೊಮಾ ಹುಡುಗ, ಕೈ ಚುರುಕು. ಸದ್ದು ಬಂತು. ಬಾನೆಟ್ ಒಳಗಿಂದ ಟರ್ಬೊ ಉಸಿರು ಎಳೆಯುವ ಸದ್ದು ಕೇಳಿದರೆ ಗಾಡಿ ಜೋರಾಗಿ ಹೋಗುತ್ತಿದೆ ಅಂತಲೇ ಅನಿಸುತ್ತದೆ. ವಾಸ್ತವದಲ್ಲಿ ಕಂಪನಿ ಡಬ್ಬ ಮುಂದಿನ ಗ್ರಿಲ್ ಕಡೆಯಿಂದ ತಣ್ಣನೆ ಗಾಳಿ ತಗೊಳ್ಳುತ್ತದೆ, ಈ ಕೋನ್ ಎಂಜಿನ್ ಬಿಸಿಯಲ್ಲೇ ಕೂತು ಬಿಸಿ ಗಾಳಿ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇಕಡಾ 3ರಷ್ಟು ಕಡಿಮೆ. ಮೇಲೆ ಫಿಲ್ಟರಿಗೆ ಎಣ್ಣೆ ಒಂದು ಕೈ ಜಾಸ್ತಿ ಬಿದ್ದರೆ ಅದು ಒಳಗೆ ಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಮೇಲೆ ಕೂರುತ್ತದೆ. ಈ ಗಾಡಿಯಲ್ಲಿ ಕೂತಿತ್ತು.

ಎರಡನೆಯದು ಇಜಿಆರ್‌ಗೆ ತಗಡು. ಹೊಗೆಯ ಒಂದು ಪಾಲನ್ನು ವಾಪಸ್ ಒಳಗೆ ಕಳಿಸಿ ಉರಿಯ ಬಿಸಿ ಇಳಿಸುವುದು, ಆ ಮೂಲಕ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದು ಇಜಿಆರ್ ಕೆಲಸ. ಅದರಿಂದ ಒಳಗೆ ಮಸಿ ಕಟ್ಟುತ್ತದೆ, ನಿಜ. ಬಿಚ್ಚಿ ತೊಳೆದರೆ ಹೋಗುತ್ತದೆ, ಅರ್ಧ ದಿನದ ಕೆಲಸ. ಇವರು ಗ್ಯಾಸ್ಕೆಟ್ ಆಕಾರದಲ್ಲಿ ತಗಡು ಕತ್ತರಿಸಿ ದಾರಿ ಮುಚ್ಚಿದರು. ಎಂಜಿನ್ ಲೈಟ್ ಬಂತು. ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ಅಳಿಸಿದರು. ಮತ್ತೆ ಬಂತು, ಮತ್ತೆ ಅಳಿಸಿದರು.

ಮೂರನೆಯದು ರೀಮ್ಯಾಪ್. ಅಗ್ಗದ ನಕಲಿ ಕೇಬಲ್, ಲ್ಯಾಪ್‌ಟಾಪ್, ಯಾರೋ ಕಳಿಸಿದ ಫೈಲು. "ಅಣ್ಣ, ಇದು 95 ಹಾರ್ಸ್‌ಪವರ್ ಫೈಲು" ಅಂದನಂತೆ ತಮ್ಮ. ಯಾವ ಗಾಡಿಗೆ, ಯಾವ ಇಸಿಯು ವರ್ಷನ್‌ಗೆ ಮಾಡಿದ್ದು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಇದೇ 1.3ರಲ್ಲಿ 90 ಪಿಎಸ್ ಮಾದರಿಯೂ ಇದೆ, ಅದರ ಟರ್ಬೊನೇ ಬೇರೆ, ವೇರಿಯಬಲ್ ಜಾಮಿಟ್ರಿಯದು. ಸಾಫ್ಟ್‌ವೇರ್ ಬದಲಾಯಿಸಿದರೆ 75 ಹೋಗಿ 95 ಆಗುತ್ತದೆ ಅನ್ನುವವರು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಒರಿಜಿನಲ್ ಫೈಲ್ ಉಳಿಸಿಕೊಳ್ಳಲು ನೋಡಿದರು, ಕೇಬಲ್ ಪೂರ್ತಿ ಓದಲಿಲ್ಲ, ಸರಿ ಬಿಡು ಅಂತ ಹೊಸದನ್ನು ಬರೆದೇ ಬಿಟ್ಟರು. ಬ್ಯಾಟರಿಗೆ ಚಾರ್ಜರ್ ಹಾಕಿದ್ದರು, ಅರ್ಧದಲ್ಲಿ ಮಂಡ್ಯದ ಕರೆಂಟ್ ಹೋಯಿತು. ಬರೆಯುವಾಗ ವೋಲ್ಟೇಜ್ ಬಿದ್ದರೆ ಇಸಿಯು ಅಲ್ಲೇ ಇಟ್ಟಿಗೆ ಆಗಿ ಕೂರುತ್ತದೆ. ಅವತ್ತು ಬ್ಯಾಟರಿ ಹೇಗೋ ತಡೆದುಕೊಂಡಿತು. ಕೈ ಕೊಟ್ಟಿದ್ದರೆ ಖರ್ಚು ಒಂದು ಇಸಿಯುವಿಗೆ ಮುಗಿದು ಎಂಜಿನ್ ಉಳಿಯುತ್ತಿತ್ತು ಅನ್ನುವುದು ಬೇರೆ ಮಾತು.

ಗಾಡಿ ಈಗ ನೂಕಿತು. ಜೊತೆಗೆ ಕಪ್ಪು ಹೊಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಪೆಟ್ರೋಲ್ ಗಾಡಿ ನೋಡಿ ಕಲಿತವರು ಎಡವುವುದು ಇಲ್ಲೇ. ಪೆಟ್ರೋಲ್ ಎಂಜಿನ್‌ನಲ್ಲಿ ಲೋಡ್ ಇರುವಾಗ ಪೆಟ್ರೋಲ್ ಕಡಿಮೆ ಬಿದ್ದರೆ ಬಿಸಿ ಏರುತ್ತದೆ, ಸ್ವಲ್ಪ ಜಾಸ್ತಿ ಬಿದ್ದರೆ ತಣ್ಣಗಿರುತ್ತದೆ. ಡೀಸೆಲ್‌ನಲ್ಲಿ ಉಲ್ಟಾ. ಜಾಸ್ತಿ ಡೀಸೆಲ್ ಅಂದರೆ ಜಾಸ್ತಿ ಬಿಸಿ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕೆಜಿ ಗಾಳಿ ಬೇಕು. ಡೀಸೆಲ್ ಎಂಜಿನ್‌ಗೆ ಅಷ್ಟು ಸಾಲುವುದಿಲ್ಲ, ಇನ್ನೂ ಸಾಕಷ್ಟು ಮಿಕ್ಕುವಷ್ಟು ಗಾಳಿ ಇದ್ದರೆ ಮಾತ್ರ ಹೊಗೆಯಿಲ್ಲದೆ ಉರಿಯುತ್ತದೆ. ಆ ಮಿಗುವ ಗಾಳಿ ಕಡಿಮೆಯಾದ ಹಾಗೆಲ್ಲ ಹೊಗೆ ಕಪ್ಪಾಗುತ್ತದೆ, ಎಕ್ಸಾಸ್ಟ್ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, 600 ಡಿಗ್ರಿ ತಲುಪುವ ಮೊದಲೇ ಅದು ಕರಗಲು ಶುರುವಾಗುತ್ತದೆ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲು. ಕೆಳಗಿನಿಂದ ಆಯಿಲ್ ಚಿಮ್ಮಿ ತಣ್ಣಗಿಡುವುದರಿಂದ ಅದು ಬದುಕಿರುತ್ತದೆ ಅಷ್ಟೆ. ಹಿಂದಿನ ಗಾಡಿಯವರ ಮುಖಕ್ಕೆ ಕಪ್ಪು ಹೊಗೆ ಬಿಟ್ಟು ಖುಷಿಪಡುವವರು ತಮ್ಮ ಪಿಸ್ಟನ್‌ಗೆ ಬೆಂಕಿ ಇಡುತ್ತಿರುತ್ತಾರೆ.

ಹೊಗೆ ನೋಡಿ ಇವರು ಕಂಡುಕೊಂಡ ಪರಿಹಾರ ಗಾಳಿ ಹೆಚ್ಚಿಸುವುದು. ಯೋಚನೆ ತಪ್ಪೇನಲ್ಲ, ದಾರಿ ತಪ್ಪು. ಈ ಟರ್ಬೊದಲ್ಲಿ ವೇಸ್ಟ್‌ಗೇಟ್ ಅಂತ ಒಂದು ಬಾಗಿಲಿದೆ, ಒತ್ತಡ ಮಿತಿ ಮುಟ್ಟಿದಾಗ ಅದು ತೆರೆದು ಹೆಚ್ಚಿನ ಎಕ್ಸಾಸ್ಟನ್ನು ಪಕ್ಕದಿಂದ ಬಿಡುತ್ತದೆ. ಅದನ್ನು ತಳ್ಳುವ ಕಡ್ಡಿಗೆ ನಟ್ ಇದೆ. ನಟ್ ತಿರುಗಿಸಿ ಕಡ್ಡಿ ಚಿಕ್ಕದು ಮಾಡಿದರೆ ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಗೇಜ್ ಇಲ್ಲ, ಅಳತೆ ಇಲ್ಲ, ಸುಮ್ನೆ ಒಂದೆರಡು ಸುತ್ತು. ಎಂಜಿನ್ ಪಿ0234 ಅನ್ನುವ ಕೋಡ್ ಕೊಟ್ಟಿತು, ಅಂದರೆ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಮಿತಿ ಮೀರಿದೆ. ಗಾಡಿ ಲಿಂಪ್ ಮೋಡ್‌ಗೆ ಹೋಯಿತು, ಪವರ್ ಬಿಗಿ ಹಿಡಿಯಿತು.

ಈಗ ಮಾಡಿದ್ದನ್ನು ನೋಡಿ. ಫೈಲ್ ಕಳಿಸಿದವನನ್ನೇ ಮತ್ತೆ ಕೇಳಿದರು. ಅವನು ಇಜಿಆರ್ ಕೋಡ್, ಓವರ್‌ಬೂಸ್ಟ್ ಕೋಡ್ ಎರಡನ್ನೂ ಆಫ್ ಮಾಡಿದ ಹೊಸ ಫೈಲ್ ಕಳಿಸಿದ. ಲೈಟ್ ಆರಿತು. ಹುಡುಗ ನನಗೆ ಹೇಳಿದ್ದು ಹೀಗೆ: "ಅದಾದ್ಮೇಲೆ ಒಂದು ಪ್ರಾಬ್ಲಂ ಇರ್ಲಿಲ್ಲ ಸಾರ್, ಸೂಪರಾಗಿ ಓಡ್ತಿತ್ತು."

ಕೊನೆಗೆ ಸೈಲೆನ್ಸರ್. ಹೊಗೆ ಶುದ್ಧ ಮಾಡುವ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ಒಳಗಿನ ಜೇನುಗೂಡಿನಂಥ ಭಾಗವನ್ನು ವೆಲ್ಡಿಂಗ್ ಶಾಪಿನಲ್ಲಿ ಕೀಳಿಸಿ ಖಾಲಿ ಡಬ್ಬ ಬೆಸೆದರು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಸದ್ದು ಹೆಚ್ಚಾಯಿತು, ವಾಸನೆ ಹೆಚ್ಚಾಯಿತು.

ಅಷ್ಟಕ್ಕೂ ಪವರ್ ನಿಜವಾಗಿ ಎಷ್ಟು ಹೆಚ್ಚಿತು? ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಒಮ್ಮೆಯೂ ಹತ್ತಿಸಿಲ್ಲ. ಮೊದಲು ಕಂಪ್ರೆಷನ್ ನೋಡಿಸಿಲ್ಲ, ಆಮೇಲೂ ನೋಡಿಸಿಲ್ಲ. ಸೀಟಿಗೆ ಒತ್ತಿದ ಹಾಗಾಯಿತು, ಅದೇ ಅಳತೆ. ಇನ್ನೊಂದು ವಿಷಯ, ಮಂಡ್ಯದಲ್ಲೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾ ಇದೆ. ಆ ವೇಗಕ್ಕೆ 75 ಪಿಎಸ್ ಧಾರಾಳ.

ಗಾಡಿ ಆದರೂ ಹೇಳುತ್ತಿತ್ತು

ಲೈಟ್ ಆರಿಸಿದ ಮೇಲೂ ಕೆಲವು ದೂರುಗಳಿಗೆ ಬೀಗ ಹಾಕಲು ಆಗಿರಲಿಲ್ಲ. ನಾಲ್ಕು, ಐದನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರುತ್ತಿತ್ತು, ಸ್ಪೀಡ್ ಅಷ್ಟು ಏರುತ್ತಿರಲಿಲ್ಲ. ಕ್ಲಚ್ ಜಾರುವುದೆಂದರೆ ಇದೇ. ಲಕ್ಷ ಕಿಲೋಮೀಟರ್ ಓಡಿದ ಪ್ಲೇಟ್ ಅದು, 190ಕ್ಕೆ ಅಂತ ಮಾಡಿದ್ದು, ಅದರ ಮೇಲೆ ಎಷ್ಟು ಟಾರ್ಕ್ ಬಿತ್ತೋ ದೇವರೇ ಬಲ್ಲ. ಚಾಮುಂಡಿ ಬೆಟ್ಟ ಹತ್ತಿದ ದಿನ ಸುಟ್ಟ ವಾಸನೆ ಬಂತಂತೆ, ಬೇರೆ ಗಾಡಿಯದ್ದು ಅಂದುಕೊಂಡನಂತೆ. ಸರ್ವಿಸ್‌ಗೆ ಇನ್ನೂ ತುಂಬಾ ದೂರ ಇರುವಾಗಲೇ ಆಯಿಲ್ ಇಳಿಯುತ್ತಿತ್ತು, ಬಂಕಿನಲ್ಲಿ ಸಿಕ್ಕ ಯಾವುದೋ ಆಯಿಲ್ ಅರ್ಧ ಲೀಟರ್ ಸುರಿದಿದ್ದ. ಎಕ್ಸ್‌ಪ್ರೆಸ್‌ವೇನಲ್ಲಿ ಜೋರಾಗಿ ಬಂದು ಮನೆ ಮುಂದೆ ನಿಲ್ಲಿಸಿದ ತಕ್ಷಣ ಕೀ ತಿರುಗಿಸಿ ಇಳಿಯುವ ಅಭ್ಯಾಸ. ಟರ್ಬೊದ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತದೆ, ಅದನ್ನು ಹಿಡಿದಿರುವುದು ತೆಳ್ಳನೆ ಒಂದು ಪದರ ಆಯಿಲ್. ಕಾದ ಟರ್ಬೊಗೆ ಆಯಿಲ್ ಹರಿವು ಒಮ್ಮೆಲೇ ನಿಂತರೆ ಒಳಗೆ ಉಳಿದದ್ದು ಸೀದು ಕರಿ ಆಗುತ್ತದೆ. ಆಮೇಲಾಮೇಲೆ ಒಂದು ಸಣ್ಣ ಶಿಳ್ಳೆ ಶುರುವಾಯಿತು. ಅದನ್ನು ಕೇಳಿ ತಮ್ಮ, "ಟರ್ಬೊ ಸೌಂಡ್ ಈಗ ಬಂತು ನೋಡಣ್ಣ" ಅಂದನಂತೆ.

ಆ ಸಂಜೆ

ಮೈಸೂರಿನಿಂದ ವಾಪಸ್ ಬರುವಾಗ. ಪಕ್ಕದಲ್ಲಿ ತಮ್ಮ, ಹಿಂದೆ ಅವ್ವ. ಶ್ರೀರಂಗಪಟ್ಟಣ ದಾಟಿ ಒಂದಷ್ಟು ದೂರ ಬಂದ ಮೇಲೆ ಶಿಳ್ಳೆ ಜೋರಾಗಿ, ಒಂದು ಉಜ್ಜಿದ ಸದ್ದು ಬಂದು, ಪವರ್ ಬಿದ್ದುಹೋಯಿತು. ಹಿಂದೆ ನೋಡಿದರೆ ಬಿಳಿ ನೀಲಿ ಹೊಗೆ, ಹಿಂದಿನ ಗಾಡಿಯೇ ಕಾಣುತ್ತಿರಲಿಲ್ಲ. ಹೇಗೋ ಮಂಡ್ಯದ ಕಡೆ ಇಳಿದು ಹಳೇ ರಸ್ತೆಗೆ ಬಂದ. ಅಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಆರ್‌ಪಿಎಂ ಇಳಿಯಲಿಲ್ಲ. ಕ್ಲಚ್ ಒತ್ತಿ ಬದಿಗೆ ನಿಲ್ಲಿಸಿದ. ಲೋಡ್ ಇಲ್ಲದ ಎಂಜಿನ್ ಇನ್ನೂ ಜೋರಾಗಿ ಕಿರುಚಲು ಶುರುಮಾಡಿತು. ಕೀ ಆಫ್ ಮಾಡಿದ. ನಿಲ್ಲಲಿಲ್ಲ. ಕೀ ಕೈಯಲ್ಲಿದೆ, ಎಂಜಿನ್ ಓಡುತ್ತಿದೆ.

ಇದಕ್ಕೆ ರನ್‌ಅವೇ ಅನ್ನುತ್ತಾರೆ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಗಾಳಿ ಮತ್ತು ಉರಿಯುವ ಏನಾದರೊಂದು ಸಿಕ್ಕಿದರೆ ಸಾಕು. ಕೀ ಆಫ್ ಮಾಡಿದರೆ ನಿಲ್ಲುವುದು ಇಂಜೆಕ್ಟರ್ ಮಾತ್ರ. ಟರ್ಬೊ ಸೀಲ್ ಹೋಗಿ ಆಯಿಲ್ ಗಾಳಿಯ ಪೈಪಿಗೆ ಬರುತ್ತಿದ್ದರೆ ಅದೇ ಇಂಧನ. ವೇಗ ಹೆಚ್ಚಿದ ಹಾಗೆ ಆಯಿಲ್ ಪಂಪ್ ಇನ್ನೂ ಜಾಸ್ತಿ ತಳ್ಳುತ್ತದೆ, ಎಂಜಿನ್ ಇನ್ನೂ ಜೋರಾಗುತ್ತದೆ. ಕೆಲವು ಹೊಸ ಡೀಸೆಲ್‌ಗಳಲ್ಲಿ ಆಫ್ ಮಾಡಿದಾಗ ಗಾಳಿದಾರಿ ಮುಚ್ಚುವ ಫ್ಲಾಪ್ ಇರುತ್ತದೆ. ಇದರಲ್ಲಿ ಇರಲಿಲ್ಲ.

ಮ್ಯಾನುಯಲ್ ಗೇರಿನ ಗಾಡಿಗೆ ಒಂದು ಉಪಾಯ ಇದೆ, ತಮ್ಮನಿಗೆ ಅದು ಗೊತ್ತಿತ್ತು, ಮೆಚ್ಚಬೇಕು. ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಐದನೇ ಗೇರ್ ಹಾಕಿದರು. ಕ್ಲಚ್ ಬಿಟ್ಟರು. ಕ್ಲಚ್ ಜಾರಿತು. ವಾರಗಟ್ಟಲೆ ಜಾರಿ ಜಾರಿ ನುಣುಪಾಗಿದ್ದ ಪ್ಲೇಟ್ ಹಿಡಿಯಲೇ ಇಲ್ಲ, ಈಗ ಎರಡು ಕಡೆಯಿಂದ ಹೊಗೆ.

ಅಷ್ಟು ಹೊತ್ತಿಗೆ ಅವ್ವನನ್ನು ಇಳಿಸಿ ದೂರ ಕಳಿಸಿದ್ದರು. ಕಬ್ಬಿನ ಟ್ರ್ಯಾಕ್ಟರ್‌ನವರೊಬ್ಬರು ನಿಲ್ಲಿಸಿ ಓಡಿ ಬಂದರು. ಹಳೇ ಟ್ರ್ಯಾಕ್ಟರ್‌ಗಳಲ್ಲಿ ಪಂಪ್ ಸಿಕ್ಕಿಹಾಕಿಕೊಂಡು ಹೀಗಾಗುವುದನ್ನು ಅವರು ಕಂಡಿದ್ದರಂತೆ. "ಗಾಳಿ ಮುಚ್ರಲಾ ಅದ್ಕೆ, ಗಾಳಿ!" ಅಂತ ಕೂಗಿದರು. ಕಂಪನಿ ಡಬ್ಬ ಇದ್ದಿದ್ದರೆ ಅದಕ್ಕೆ ಗಾಳಿ ಎಳೆಯುವ ಬಾಯಿ ಒಂದೇ, ಗಟ್ಟಿ ಹಲಗೆಯೋ ಪುಸ್ತಕವೋ ಒತ್ತಿ ಹಿಡಿದರೆ ಆಗುತ್ತಿತ್ತು. ಕೋನ್ ಫಿಲ್ಟರ್ ಸುತ್ತಲೂ ಉಸಿರಾಡುತ್ತದೆ. ಎಲ್ಲಿ ಅಂತ ಮುಚ್ಚುವುದು? ಕೊನೆಗೆ ಆ ಮನುಷ್ಯ ಒಳಗೆ ಪ್ಲಾಸ್ಟಿಕ್ ಇರುವ ಗೊಬ್ಬರದ ಚೀಲ ತಂದು ಕೋನ್ ಪೂರ್ತಿ ಸುತ್ತಿ ಬಿಗಿದರು. ಎಂಜಿನ್ ಗೊರಗೊರ ಅಂದು ಸತ್ತಿತು. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ, ಆದರೆ ನೀವು ಯಾರೂ ಅದನ್ನು ಮಾಡಬೇಡಿ. ಆ ವೇಗದಲ್ಲಿ ಕನೆಕ್ಟಿಂಗ್ ರಾಡ್ ಮುರಿದರೆ ಬ್ಲಾಕ್ ಒಡೆದು ಹೊರಗೆ ಬರುತ್ತದೆ, ಬರಿಗೈ ಇಟ್ಟರೆ ಟರ್ಬೊ ಎಳೆದುಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸುವ ಪ್ರಯತ್ನ ಮೊದಲ ಕೆಲವು ಸೆಕೆಂಡಿನಲ್ಲಿ ಆಗದಿದ್ದರೆ ಎಲ್ಲರೂ ಇಳಿದು ದೂರ ಹೋಗುವುದೇ ಸರಿ. ಹೈವೇ ಮೇಲಾದರೆ ತಡೆಗೋಡೆಯ ಆಚೆ ನಿಂತು 1033ಕ್ಕೆ ಫೋನ್ ಮಾಡಿ.

ಬಿಚ್ಚಿದಾಗ

ಟರ್ಬೊದ ಶಾಫ್ಟ್ ಕೈಯಲ್ಲಿ ಹಿಡಿದರೆ ಗಡಗಡ ಅಲ್ಲಾಡುತ್ತಿತ್ತು. ಗಾಳಿ ಚಕ್ರದ ಅಂಚು ಸುತ್ತಲಿನ ಕವಚಕ್ಕೆ ಉಜ್ಜಿ ಸವೆದಿತ್ತು. ಟರ್ಬೊಗೆ ಆಯಿಲ್ ಕೊಡುವ ಸಣ್ಣ ಪೈಪಿನೊಳಗೆ ಕರಿ ಕಟ್ಟಿತ್ತು. ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಬೋರಲು ಹಾಕಿದರೆ ಆಯಿಲ್ ಸುರಿಯಿತು. ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್‌ಗಳು ಆಯಿಲ್ ಇಲ್ಲದೆ ಉರಿದು ಕ್ರ್ಯಾಂಕ್‌ಗೆ ಅಂಟಿಕೊಂಡಿದ್ದವು, ಜಾಮ್ ಆಗಿದ್ದು ಅಲ್ಲೇ. ನಾಲ್ಕು ಪಿಸ್ಟನ್‌ಗಳಲ್ಲಿ ಒಂದರ ತಲೆಯ ಮೇಲೆ, ಬಟ್ಟಲಿನ ಅಂಚಿನಲ್ಲಿ, ಕೊರೆದ ಹಾಗೆ ತಿಂದುಹೋಗಿತ್ತು. ಇದು ಆ ಸಂಜೆ ಆಗಿದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ತಿಂದುಹೋದ ಜಾಗದ ಮೇಲೆ ಹಳೇ ಮಸಿ ಗಟ್ಟಿಯಾಗಿ ಕೂತಿತ್ತು. ಅಂದರೆ ಟರ್ಬೊ ಉಳಿದಿದ್ದರೂ ಈ ಎಂಜಿನ್ ಬೇರೆ ದಾರಿಯಲ್ಲಿ ಹೋಗುತ್ತಿತ್ತು. ಫ್ಲೈವೀಲ್ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕ್ಲಚ್ ಪ್ಲೇಟ್ ಕನ್ನಡಿ.

ಆಮೇಲೆ ಸಿಕ್ಕಿದ್ದು ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್. ಕ್ಲಾಂಪಿನ ಪಕ್ಕದಲ್ಲಿ, ಮೇಲಿನಿಂದ ಕಾಣದ ಬದಿಯಲ್ಲಿ, ಉದ್ದಕ್ಕೆ ಸೀಳಿತ್ತು. ಯಾರೋ ಹಿಂದೆ ಕಪ್ಪು ಟೇಪ್ ಸುತ್ತಿದ್ದರು, ಟೇಪ್ ಒಣಗಿ ಪುಡಿಯಾಗಿತ್ತು. ಇವರಿಬ್ಬರೂ ಆ ಟೇಪ್ ನೋಡಿಯೇ ಇಲ್ಲ ಅಂದರು, ಅಂದರೆ ಗಾಡಿ ತಗೊಳ್ಳುವಾಗಲೇ ಇತ್ತು.

ಪಿಕಪ್ ಇಲ್ಲ ಅನ್ನುವ ಮೊದಲ ದೂರಿಗೆ ಕಾರಣ ಇದೇ. ನಿಂತಿರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ತೆರೆದುಕೊಳ್ಳುತ್ತದೆ. ಟರ್ಬೊ ಒತ್ತಿದ ಗಾಳಿಯ ಒಂದು ಪಾಲು ಎಂಜಿನ್ ತಲುಪುವ ಮೊದಲೇ ಹೊರಗೆ. ಏರ್‌ಫ್ಲೋ ಸೆನ್ಸರ್ ಆ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದೆ, ಇಸಿಯು ಅದಕ್ಕೆ ತಕ್ಕ ಡೀಸೆಲ್ ಬಿಡುತ್ತದೆ, ಗಾಳಿ ಸಾಲದೆ ಹೊಗೆ ಬರುತ್ತದೆ. ಟರ್ಬೊ ಸೋರುವ ಗಾಳಿಗೂ ಸೇರಿಸಿ ದುಡಿಯಬೇಕು, ಅಂದರೆ ಎಂದಿಗಿಂತ ಜೋರಾಗಿ ತಿರುಗಬೇಕು. ತೂತಾದ ಕೊಡಕ್ಕೆ ನೀರು ತುಂಬಲು ನಲ್ಲಿ ಜೋರು ಮಾಡಿದ ಹಾಗೆ ಇವರು ವೇಸ್ಟ್‌ಗೇಟ್ ನಟ್ ತಿರುಗಿಸಿದ್ದು.

ಟರ್ಬೊ ಸತ್ತಿದ್ದು ಯಾವುದರಿಂದ ಅಂತ ನಮ್ಮಲ್ಲೇ ವಾದ ಆಯಿತು. ಟರ್ಬೊ ಕೆಲಸ ಮಾಡುವ ಮೇಸ್ತ್ರಿ, ಲಕ್ಷ ದಾಟಿದ ಟರ್ಬೊ, ಹಳೇ ಆಯಿಲ್, ಕಾದಾಗಲೇ ಆಫ್ ಮಾಡುವ ಅಭ್ಯಾಸ, ಇಷ್ಟೇ ಸಾಕು, ಫೈಲ್ ಇಲ್ಲದಿದ್ದರೂ ಹೋಗುತ್ತಿತ್ತು ಅನ್ನುತ್ತಾರೆ. ಹುಡುಗನ ತಮ್ಮ ಫೈಲ್ ಸರಿಯಿಲ್ಲ, ಒಳ್ಳೇ ಫೈಲ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನುತ್ತಾನೆ. ಮೇಸ್ತ್ರಿ ಮಾತಿನಲ್ಲಿ ಅರ್ಧ ಸತ್ಯ ಇದೆ. ಹಳೇ ಟರ್ಬೊ ಒಂದು ದಿನ ಹೋಗುತ್ತಿತ್ತು. ಆದರೆ ಮಾಮೂಲಿ ಗಾಡಿಯಲ್ಲಿ ಟರ್ಬೊ ಹಾಳಾದರೆ ಮೊದಲು ಲೈಟ್ ಬರುತ್ತದೆ, ಪವರ್ ಕಡಿಮೆಯಾಗುತ್ತದೆ, ಗ್ಯಾರೇಜಿಗೆ ಬರುತ್ತಾರೆ. ಆಕಸ್ಮಾತ್ ರನ್‌ಅವೇ ಆದರೂ ಕ್ಲಚ್ ಹಿಡಿಯುತ್ತದೆ, ನಿಲ್ಲುತ್ತದೆ. ಇಲ್ಲಿ ಲೈಟ್, ಲಿಂಪ್ ಮೋಡ್, ಕ್ಲಚ್, ಮುಚ್ಚಬಹುದಾದ ಏರ್ ಡಬ್ಬ, ಒಂದೊಂದನ್ನೂ ಒಂದೊಂದು ವಾರಾಂತ್ಯದಲ್ಲಿ ಇವರೇ ತೆಗೆದಿದ್ದರು. ತಮ್ಮನ ಮಾತನ್ನು ನಾನು ಒಪ್ಪುವುದಿಲ್ಲ. ಸೀಳಿದ ಹೋಸ್ ಇರುವ ಗಾಡಿಗೆ ಒಳ್ಳೇ ಫೈಲ್ ಅಂತ ಒಂದಿಲ್ಲ.

ದುಡ್ಡು, ಇನ್ಶೂರೆನ್ಸ್, ಕಾನೂನು

ಕೇಬಲ್, ಫೈಲ್, ಫಿಲ್ಟರ್, ವೆಲ್ಡಿಂಗ್ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿದಿತ್ತು. ಹಾಫ್ ಎಂಜಿನ್ (ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಸೇರಿದ ಕೆಳಭಾಗ), ಟರ್ಬೊ, ಕ್ಲಚ್ ಸೆಟ್, ಹೋಸ್, ಇಂಟರ್‌ಕೂಲರ್, ಕ್ಯಾಟ್, ಮತ್ತೆ ಒರಿಜಿನಲ್ ಫೈಲ್ ಹಾಕಿಸುವುದು, ಲೇಬರ್, ಇದೆಲ್ಲ ಒಂದೂವರೆ ಲಕ್ಷ ದಾಟಿತು. ಇನ್ಶೂರೆನ್ಸ್ ಇದೆಯಲ್ಲ ಅಂದ ಹುಡುಗ. ಮಾಮೂಲಿ ಮೋಟಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್ ಸೇರುವುದೇ ಇಲ್ಲ, ಗಾಡಿ ಒರಿಜಿನಲ್ ಇದ್ದರೂ ಅಷ್ಟೆ. ಬೆಂಕಿ ಹತ್ತಿದ್ದರೆ ಕ್ಲೇಮ್ ಹಾಕಬಹುದಿತ್ತು, ಆಗ ಸರ್ವೇಯರ್ ಬಂದು ಕೋನ್ ಫಿಲ್ಟರ್, ತಗಡು, ಖಾಲಿ ಕ್ಯಾಟ್ ನೋಡಿ, ಇದನ್ನೆಲ್ಲ ಕಂಪನಿಗೆ ಹೇಳಿದ್ದಿರಾ ಅಂತ ಕೇಳುತ್ತಿದ್ದರು. ಹೇಳಿರಲಿಲ್ಲ.

ಕಾನೂನಿನಲ್ಲಿ, 1988ರ ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೂಲತಃ ಕೊಟ್ಟ ವಿವರಕ್ಕೆ, ಆರ್‌ಸಿಯಲ್ಲಿರುವುದಕ್ಕೆ, ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಓನರ್‌ಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ. ಹೊಗೆ, ಸದ್ದಿನ ಮಿತಿ ಮೀರಿದ್ದಕ್ಕೆ 190ನೇ ಸೆಕ್ಷನ್ ಬೇರೆ ಇದೆ, ಅದರಲ್ಲಿ 10,000 ರೂಪಾಯಿ ತನಕ ದಂಡ. ದಾರಿಯಲ್ಲಿ ಯಾರು ಹಿಡಿಯುತ್ತಾರೆ ಅನ್ನಬಹುದು. ಹಿಡಿಯದೇ ಇರಬಹುದು. ಆದರೆ ಅಪಘಾತವಾಗಿ ಬೇರೆಯವರಿಗೆ ಪೆಟ್ಟಾದ ದಿನ ಗಾಡಿ ತಪಾಸಣೆಗೆ ಹೋಗುತ್ತದೆ, ಆಗ ಈ ಸೆಕ್ಷನ್‌ಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ.

ಇನ್ನೂ ಮಾಡಲೇಬೇಕು ಅನ್ನುವವರಿಗೆ

ಕಾನೂನು ಹೇಳಿದ್ದಾಯಿತು. ಎಲ್ಲರೂ ನಿಲ್ಲಿಸುತ್ತಾರೆ ಅಂತ ನಾನು ನಂಬಿಲ್ಲ, ಹಾಗಾಗಿ ಇಷ್ಟನ್ನಾದರೂ ಕೇಳಿ. ಪಿಕಪ್ ಇಲ್ಲ ಅನಿಸಿದರೆ ಮೊದಲು ಬೂಸ್ಟ್ ಪೈಪುಗಳಿಗೆ ಲೀಕ್ ಟೆಸ್ಟ್ ಮಾಡಿಸಿ. ಸ್ವಲ್ಪ ಒತ್ತಡದ ಗಾಳಿ ತುಂಬಿ ಸೋಪಿನ ನೀರು ಚಿಮುಕಿಸಿದರೆ ಸೀಳು ಗುಳ್ಳೆ ಬಿಟ್ಟು ತೋರಿಸುತ್ತದೆ. ಏರ್‌ಫ್ಲೋ ಸೆನ್ಸರ್, ಇಜಿಆರ್ ತೊಳೆಸಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ಇಂಜೆಕ್ಟರ್ ಮತ್ತು ಕಂಪ್ರೆಷನ್ ನೋಡಿಸಿ. ನನ್ನ ಅನುಭವದಲ್ಲಿ ರೀಮ್ಯಾಪ್ ಕೇಳಿಕೊಂಡು ಬರುವ ಹಳೇ ಡೀಸೆಲ್‌ಗಳಲ್ಲಿ ಬಹುಪಾಲು ಇಲ್ಲೇ ಸರಿಹೋಗುತ್ತವೆ. ಅದಾದ ಮೇಲೂ ಫೈಲ್ ಬೇಕು ಅಂದರೆ ಹೊಗೆ ಬರದ, ಕೋಡ್ ಆಫ್ ಮಾಡದ ಫೈಲ್ ಬೇಕು ಅಂತ ಹೇಳಿ. ಕೋಡ್ ಆಫ್ ಮಾಡಿಕೊಡುತ್ತೇನೆ ಅಂತ ತಾನಾಗೇ ಹೇಳುವವನ ಹತ್ತಿರ ನಿಲ್ಲಲೇಬೇಡಿ. ಪೆಟ್ರೋಲ್ ಗಾಡಿಯವರಿಗೂ ಒಂದು ಮಾತು: ಹೊರದೇಶದ ಫೈಲ್‌ಗಳು ಅಲ್ಲಿನ ಪೆಟ್ರೋಲ್‌ಗೆ ತಕ್ಕಂತೆ ಮಾಡಿದ್ದಿರುತ್ತವೆ, ನಮ್ಮ ಬಂಕಿನ ಪೆಟ್ರೋಲ್‌ನಲ್ಲಿ ಕಿಡಿಯ ಅದೇ ಟೈಮಿಂಗ್ ಇಟ್ಟರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿ ಬಡಿಯುವುದು) ಬಂದು ಪಿಸ್ಟನ್ ಒಡೆಯಬಹುದು.

ಈ ಹುಡುಗ ಗಾಡಿ ರಿಪೇರಿ ಮಾಡಿಸಿ ಈಗ ಮಾರಲು ಇಟ್ಟಿದ್ದಾನೆ. ಎಂಜಿನ್ ಬದಲಾದದ್ದನ್ನು ಆರ್‌ಸಿಯಲ್ಲಿ ಸೇರಿಸಿಯೇ ಮಾರು ಅಂತ ಹೇಳಿದ್ದೇನೆ. ಎಲ್ಲರೂ ರಿಪೇರಿ ಮಾಡಿಸಿ ಮಾರುವುದಿಲ್ಲ ಅನ್ನುವುದೇ ನನ್ನ ತಲೆನೋವು. ಮೈಸೂರು ಮಂಡ್ಯ ಕಡೆ ಹಳೇ ಡೀಸೆಲ್ ಕೊಳ್ಳುವವರು ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಒಮ್ಮೆ ಹತ್ತಿ ಆರುತ್ತದೆಯೇ ನೋಡಿ, ಹತ್ತದೇ ಇದ್ದರೆ ಯಾರೋ ಕೈ ಹಾಕಿರಬಹುದು. ಇಜಿಆರ್ ಗ್ಯಾಸ್ಕೆಟ್ ಜಾಗದಲ್ಲಿ ಹೊಳೆಯುವ ತಗಡಿನ ಅಂಚು, ವೇಸ್ಟ್‌ಗೇಟ್ ನಟ್ ಮೇಲೆ ಸ್ಪ್ಯಾನರ್ ಗಾಯ, ಕ್ಯಾಟ್ ಮೇಲೆ ಹೊಸ ವೆಲ್ಡಿಂಗ್ ಗೆರೆ ಇವೆಯೇ ಹುಡುಕಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್ ಹಾಕಿ ಒತ್ತಿ ನೋಡಿ, ಮುಳ್ಳು ಒಂದು ಕಡೆ ಓಡಿ ಗಾಡಿ ಹಿಂದೆ ಉಳಿದರೆ ಕ್ಲಚ್ ಮುಗಿದಿದೆ. ಇಂಟರ್‌ಕೂಲರ್ ಹೋಸ್‌ಗಳ ಕೆಳಬದಿಗೆ ಕೈ ಹಾಕಿ ಸವರಿ, ಟೇಪ್ ಸಿಕ್ಕಿದರೆ ರೇಟ್ ಮಾತಾಡುವುದಕ್ಕೆ ಮೊದಲು ಅದನ್ನು ಬಿಚ್ಚಿಸಿ ನೋಡಿ.